ದನಕ್ಕೆ ಆ್ಯಂಟಿಬಯೋಟಿಕ್ ಇಂಜೆಕ್ಷನ್: ಚುಚ್ಚುವ ಮೊದಲು ಏನು, ಚುಚ್ಚಿದ ಮೇಲೆ ಏನು?



ಬಿಜೂರಿನ ಒಂದು ಹಟ್ಟಿ ಅಂದುಕೊಳ್ಳಿ. ಜುಲೈ ತಿಂಗಳು, ನಾಲ್ಕು ದಿನದಿಂದ ಬಿಡದ ಮಳೆ. ಬೆಳಿಗ್ಗೆ ಐದೂವರೆಗೆ ಹಾಲು ಕರೆಯಲು ಕೂತರೆ ಜರ್ಸಿ ಕ್ರಾಸ್ ದನದ ಕೆಚ್ಚಲಿನ ಒಂದು ಭಾಗ ಕಲ್ಲಿನ ಹಾಗೆ ಗಟ್ಟಿ. ಮುಟ್ಟಿದರೆ ಬಿಸಿ, ಹಿಂಡಿದರೆ ಒದೆಯುತ್ತದೆ. ಆ ತೊಟ್ಟಿನಿಂದ ಬಂದದ್ದು ಹಾಲಲ್ಲ, ಹಳದಿ ನೀರು ಮತ್ತು ಗಡ್ಡೆ. ಡೈರಿಗೆ ಹಾಲು ಮುಟ್ಟಿಸಲು ಇನ್ನು ಒಂದು ಗಂಟೆ ಉಂಟು. ಹಟ್ಟಿಯ ಕಿಟಕಿಯಲ್ಲಿ ಹೋದ ಸಲ ಉಳಿದ ಅರ್ಧ ಬಾಟಲಿ ಇಂಜೆಕ್ಷನ್ ಇದೆ. ಪಕ್ಕದ ಮನೆಯವರು ಬೇಲಿಯ ಆಚೆಯಿಂದಲೇ ಹೇಳುತ್ತಾರೆ: "ಹ್ವಾಯ್, ಹೋದ್ ಸಲ ಹತ್ತ್ ಎಂಎಲ್ ಹೊಡ್ದದ್ದ್ ಅಲ್ದಾ? ಅದನ್ನೇ ಹೊಡಿ ಮಾರಾಯ, ಎಂತದೂ ಆತಿಲ್ಲೆ."

ಈ ಒಂದು ಗಂಟೆಯಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದೇ ಈ ವಾರದ ಪಾಠ. ಸೂಜಿ ಚುಚ್ಚುವುದು ಎರಡು ನಿಮಿಷದ ಕೆಲಸ. ಕಾಯಿಲೆ ಯಾವುದು, ದನದ ತೂಕ ಎಷ್ಟು, ಎಷ್ಟು ದಿನ ಕೊಡಬೇಕು, ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು: ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಮಾತ್ರ ಆ ಎರಡು ನಿಮಿಷಕ್ಕೆ ಬೆಲೆ.

1. ಎಲ್ಲ ಜ್ವರಕ್ಕೂ ಈ ಇಂಜೆಕ್ಷನ್ ಅಲ್ಲ

ಆ್ಯಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ. ನಮ್ಮ ಕಡೆ ಕಾಣುವ ಬ್ಯಾಕ್ಟೀರಿಯಾ ಕಾಯಿಲೆಗಳು: ಕೆಚ್ಚಲು ಬಾವು, ಗಳಲೆ ರೋಗ, ಚಪ್ಪೆ ರೋಗ, ಮಳೆಗಾಲದಲ್ಲಿ ಗೊರಸಿನ ಸಂದಿ ಕೊಳೆಯುವುದು, ಕರು ಹಾಕಿದ ಮೇಲೆ ಗರ್ಭಕೋಶಕ್ಕೆ ಬರುವ ಸೋಂಕು.

ಈಗ ಇನ್ನೊಂದು ಪಟ್ಟಿ ನೋಡಿ. ಕಾಲುಬಾಯಿ ರೋಗ ವೈರಸ್‌ನಿಂದ. 2022ರಲ್ಲಿ ರಾಜ್ಯದ ತುಂಬ ಹಬ್ಬಿದ ಚರ್ಮಗಂಟು ರೋಗವೂ ವೈರಸ್‌ನಿಂದ. ವೈರಸ್‌ಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಹುಣ್ಣಿಗೆ ಮೇಲಿಂದ ಬ್ಯಾಕ್ಟೀರಿಯಾ ಸೇರಿಕೊಂಡರೆ ಮಾತ್ರ ಡಾಕ್ಟ್ರು ಅದನ್ನು ಕೊಡುತ್ತಾರೆ. ಉಣ್ಣೆಯಿಂದ ಬರುವ ಥೈಲೇರಿಯಾ, ಬೆಬೀಸಿಯಾ ಕಾಯಿಲೆಗಳು ಬೇರೆಯೇ ಜಾತಿಯ ಪರಾವಲಂಬಿಗಳಿಂದ. ಅವಕ್ಕೆ ಬೇರೆಯೇ ಔಷಧ. ಕರು ಹಾಕಿದ ಒಂದೆರಡು ದಿನದಲ್ಲಿ ದನ ಮಲಗಿ ಏಳದೆ ಹೋಗುವ ಹಾಲುಜ್ವರದಲ್ಲಂತೂ ಹೆಸರಿನಲ್ಲಿ ಮಾತ್ರ ಜ್ವರ. ಕಿವಿ ಮುಟ್ಟಿದರೆ ತಣ್ಣಗೆ. ಅದು ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಬರುವುದು.

ಮೂರು ದಿನದ ಬೇನೆಯ ಕಥೆ ಇನ್ನೂ ಚಂದ. ಇದೂ ವೈರಸ್. ಜ್ವರ ಬರುತ್ತದೆ, ದನ ಕುಂಟುತ್ತದೆ, ಹೆಚ್ಚಿನ ದನಗಳು ಮೂರ್ನಾಲ್ಕು ದಿನದಲ್ಲಿ ತಾವಾಗಿಯೇ ಎದ್ದು ನಿಲ್ಲುತ್ತವೆ. ಎರಡನೇ ದಿನ ನೀವು ಇಂಜೆಕ್ಷನ್ ಕೊಟ್ಟಿದ್ದರೆ ಹೆಸರು ಇಂಜೆಕ್ಷನ್‌ಗೆ ಹೋಗುತ್ತದೆ! ಮುಂದಿನ ಸಲ ಬೇರೆ ಕಾಯಿಲೆ ಬಂದಾಗಲೂ ಕೈ ಅದೇ ಬಾಟಲಿಗೆ ಹೋಗುತ್ತದೆ. ಮೋಸ ಶುರುವಾಗುವುದು ಇಲ್ಲಿ.

2. ಡಾಕ್ಟ್ರಿಗೆ ಫೋನ್ ಮಾಡುವ ಮೊದಲು ಹತ್ತು ನಿಮಿಷ

"ದನಕ್ಕೆ ಹುಷಾರಿಲ್ಲ, ಬೇಗ ಬನ್ನಿ" ಅಂದರೆ ಡಾಕ್ಟ್ರಿಗೆ ಏನೂ ತಿಳಿಯುವುದಿಲ್ಲ. ಈ ಐದು ಮಾಹಿತಿ ಕೈಯಲ್ಲಿರಲಿ:

- ಜ್ವರ ಎಷ್ಟು: ಮೆಡಿಕಲ್‌ನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಹಟ್ಟಿಗೆಂದೇ ಇಡಿ. ತುದಿಗೆ ಸ್ವಲ್ಪ ಎಣ್ಣೆ ಹಚ್ಚಿ ಗುದದ್ವಾರದೊಳಗೆ ಇಟ್ಟು ನೋಡಿ. ದೊಡ್ಡ ದನಕ್ಕೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ. 103 ದಾಟಿದರೆ ಜ್ವರ ಎಂದೇ ಲೆಕ್ಕ.
- ಮೇವು, ಮೆಲುಕು, ಸಗಣಿ: ಯಾವಾಗಿಂದ ಮೇವು ಬಿಟ್ಟಿದೆ? ಮೆಲುಕು ಹಾಕುತ್ತಿದೆಯಾ?
- ಕರು ಹಾಕಿ ಎಷ್ಟು ದಿನ, ಈಗ ಗಬ್ಬ ಉಂಟಾ: ಗಬ್ಬದ ದನಕ್ಕೆ ಎಲ್ಲ ಔಷಧ ಆಗುವುದಿಲ್ಲ.
- ಹಿಂದೆ ಕೊಟ್ಟ ಔಷಧ: ಹೆಸರು, ದಿನ, ಎಷ್ಟು ಎಂಎಲ್. ಔಷಧದಿಂದ ಮೈ ಊದಿದ್ದರೆ ಅದನ್ನೂ ಹೇಳಿ.
- ಫೋಟೋ, ವಿಡಿಯೋ: ಕೆಚ್ಚಲು, ಕಪ್ಪು ಬಟ್ಟೆಯ ಮೇಲೆ ಹಿಂಡಿದ ಹಾಲು, ದನ ನಡೆಯುವ ರೀತಿ, ಕಿವಿಯ 12 ಅಂಕಿಯ ಟ್ಯಾಗ್.

ಊರಿನ ಪಶು ಆಸ್ಪತ್ರೆಯ ಡಾಕ್ಟ್ರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ. ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನದ ಉಚಿತ ಸಂಖ್ಯೆ ಅದು.

ಡಾಕ್ಟ್ರು ಬರುವವರೆಗೆ ಸುಮ್ಮನೆ ಕೂರಬೇಡಿ. ಒಳ್ಳೆಯ ತೊಟ್ಟುಗಳನ್ನು ಮೊದಲು ಕರೆಯಿರಿ. ಕೊನೆಗೆ ಬಾವು ಬಂದ ಭಾಗವನ್ನು ಬೇರೆ ಪಾತ್ರೆಗೆ ಪೂರ್ತಿ ಹಿಂಡಿ ತೆಗೆಯಿರಿ, ಅದನ್ನು ನೆಲಕ್ಕೆ ಚೆಲ್ಲಬೇಡಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಹಿಂಡುತ್ತಿದ್ದರೆ ವಿಷ ಕಡಿಮೆಯಾಗುತ್ತದೆ. ಕೆಚ್ಚಲು ಬಾವು ಪದೇ ಪದೇ ಬರುವ ದನವಾದರೆ, ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಹಾಲಿನ ಸ್ಯಾಂಪಲ್ ತೆಗೆಸಲು ಕೇಳಿ. ತೊಟ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಮೊದಲ ಹಿಂಡುಗಳನ್ನು ಬಿಟ್ಟು, ಶುದ್ಧ ಬಾಟಲಿಗೆ ಹಿಡಿದು ಐಸ್‌ನಲ್ಲಿಟ್ಟು ಕಳಿಸಬೇಕು. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ಲ್ಯಾಬ್ ಹೇಳುತ್ತದೆ. ಇಂಜೆಕ್ಷನ್ ಆದ ಮೇಲೆ ತೆಗೆದ ಸ್ಯಾಂಪಲ್‌ನಲ್ಲಿ ಉತ್ತರ ಸರಿಯಾಗಿ ಸಿಗುವುದಿಲ್ಲ.

3. ಡೋಸ್ ಅಂದಾಜಿಗೆ ಬರುವುದಲ್ಲ, ತೂಕಕ್ಕೆ ಬರುವುದು

"ದೊಡ್ಡ ದನಕ್ಕೆ ಹತ್ತು ಎಂಎಲ್, ಕರುವಿಗೆ ಮೂರು" ಅನ್ನುವ ಲೆಕ್ಕ ಎಲ್ಲ ಊರಲ್ಲೂ ಉಂಟು. ಅದು ತಪ್ಪು. ನಮ್ಮ ಮಲೆನಾಡು ಗಿಡ್ಡ ದನದ ತೂಕ ಒಂದು ಕ್ರಾಸ್ ದನದ ಅರ್ಧವೂ ಇರುವುದಿಲ್ಲ. ಎರಡಕ್ಕೂ ಒಂದೇ ಡೋಸ್ ಹೇಗೆ ಆಗುತ್ತದೆ?

ತೂಕದ ಯಂತ್ರ ಇಲ್ಲದಿದ್ದರೆ ಟೇಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮುಂದಿನ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದ ಅಳೆಯಿರಿ.

ತೂಕ (ಕೆಜಿ) = ಸುತ್ತಳತೆ × ಸುತ್ತಳತೆ × ಉದ್ದ ÷ 660

ಸುತ್ತಳತೆ 64 ಇಂಚು, ಉದ್ದ 54 ಇಂಚು ಇದ್ದರೆ: 64 × 64 × 54 ÷ 660 = ಸುಮಾರು 335 ಕೆಜಿ. ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಈ ತೂಕ ಯಾಕೆ ಬೇಕು ಅಂತ ಒಂದು ಉದಾಹರಣೆ ನೋಡಿ. ಒಂದು ಎಂಎಲ್‌ಗೆ 200 ಮಿಗ್ರಾಂ ಇರುವ ಲಾಂಗ್ ಆ್ಯಕ್ಟಿಂಗ್ ಆಕ್ಸಿಟೆಟ್ರಾಸೈಕ್ಲಿನ್‌ನ ವಾಡಿಕೆಯ ಡೋಸ್, ಪ್ರತಿ ಕೆಜಿಗೆ 20 ಮಿಗ್ರಾಂ. ಅಂದರೆ 10 ಕೆಜಿ ತೂಕಕ್ಕೆ 1 ಎಂಎಲ್. 335 ಕೆಜಿ ದನಕ್ಕೆ 33 ಎಂಎಲ್ ಮೇಲೆ. ಪಕ್ಕದ ಮನೆಯವರ ಲೆಕ್ಕದಲ್ಲಿ ಹೋದದ್ದು 10 ಎಂಎಲ್, ಮೂರನೇ ಒಂದು ಭಾಗವೂ ಇಲ್ಲ! ಈ ಉದಾಹರಣೆ ಲೆಕ್ಕ ಕಲಿಯಲು ಮಾತ್ರ. ನಿಮ್ಮ ದನಕ್ಕೆ ಯಾವ ಔಷಧ, ಎಷ್ಟು ಎನ್ನುವುದನ್ನು ಡಾಕ್ಟ್ರೇ ಬರೆಯಬೇಕು. ಒಂದೇ ಹೆಸರಿನ ಔಷಧ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ, ಆದ್ದರಿಂದ ಎಂಎಲ್ ಮಾತ್ರ ನೆನಪಿಟ್ಟರೆ ಸಾಲದು.

ಕಡಿಮೆ ಡೋಸ್ ಕೊಟ್ಟರೆ ಏನಾಗುತ್ತದೆ? ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತದೆ, ಗಟ್ಟಿ ಬ್ಯಾಕ್ಟೀರಿಯಾ ಉಳಿದು ಮರಿ ಹಾಕುತ್ತದೆ. ಗದ್ದೆಯಲ್ಲಿ ಕಳೆಯ ತಲೆ ಕಿತ್ತು ಬೇರು ಬಿಟ್ಟ ಹಾಗೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲೇ, ಕಡಿಮೆ ಡೋಸ್‌ನ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು.

4. ಎರಡನೇ, ಮೂರನೇ ದಿನದ ಇಂಜೆಕ್ಷನ್ ನೀವೇ ಕೊಡಬೇಕಾದರೆ

ಕಾನೂನಿನ ಪ್ರಕಾರ ಪಶುಗಳಿಗೆ ಚಿಕಿತ್ಸೆ ಬರೆಯುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಆದರೂ ಹಳ್ಳಿಯಲ್ಲಿ ಆಗುವುದು ಹೀಗೆ: ಮೊದಲ ದಿನ ಡಾಕ್ಟ್ರು ಬಂದು ನೋಡಿ ಕೊಡುತ್ತಾರೆ. ಮುಂದಿನ ಎರಡು ದಿನದ್ದನ್ನು ಚೀಟಿಯಲ್ಲಿ ಬರೆದು, ಹೇಗೆ ಎಂದು ತೋರಿಸಿ ಹೋಗುತ್ತಾರೆ. ಹಾಗೆ ಒಪ್ಪಿಸಿದ್ದರೆ ಮಾತ್ರ ಈ ಕ್ರಮ ಅನುಸರಿಸಿ:

1. ಬಾಟಲಿ ಓದಿ. ಹೆಸರು, ಸಾಂದ್ರತೆ, ಎಕ್ಸ್‌ಪೈರಿ. ಬಣ್ಣ ಕಪ್ಪಾಗಿದ್ದರೆ, ತಳದಲ್ಲಿ ಕರಗದ ಗಡ್ಡೆ ಇದ್ದರೆ ಬೇಡ. ಅವಧಿ ಮೀರಿದ ಟೆಟ್ರಾಸೈಕ್ಲಿನ್ ಕಿಡ್ನಿಗೆ ಹಾನಿ ಮಾಡಬಲ್ಲದು. ಪುಡಿ ಔಷಧವಾದರೆ ಅದರ ಜೊತೆ ಕೊಟ್ಟ ನೀರಿನಲ್ಲೇ ಪೂರ್ತಿ ಕರಗಿಸಿ.
2. ಎಲ್ಲಿಗೆ ಕೊಡಬೇಕು ಕೇಳಿಕೊಳ್ಳಿ. ಮಾಂಸಕ್ಕಾ, ಚರ್ಮದ ಕೆಳಗಾ, ರಕ್ತನಾಳಕ್ಕಾ? ರಕ್ತನಾಳಕ್ಕೆ ಕೊಡುವುದನ್ನು ನೀವು ಮಾಡಲೇಬೇಡಿ. ಮಾಂಸಕ್ಕೆ ಮಾತ್ರ ಎಂದಿರುವ ಪ್ರೊಕೇನ್ ಪೆನ್ಸಿಲಿನ್ ರಕ್ತನಾಳಕ್ಕೆ ಹೋದರೆ ದನ ಅಲ್ಲೇ ಬೀಳಬಹುದು.
3. ಹೊಸ ಸಿರಿಂಜ್, ಹೊಸ ಸೂಜಿ. ಒಂದು ದನದ ಸೂಜಿ ಇನ್ನೊಂದಕ್ಕೆ ಹಾಕಿದರೆ ರಕ್ತದಲ್ಲಿರುವ ಕಾಯಿಲೆಯೂ ದಾಟುತ್ತದೆ.
4. ದನವನ್ನು ಸರಿಯಾಗಿ ಕಟ್ಟಿ, ಒಬ್ಬರು ತಲೆ ಹಿಡಿಯಲಿ. ಮಳೆಯಲ್ಲಿ ನೆನೆದ, ಸಗಣಿ ಮೆತ್ತಿದ ಚರ್ಮಕ್ಕೆ ಚುಚ್ಚಬೇಡಿ. ಒರೆಸಿ, ಒಣಗಿಸಿ, ಸ್ಪಿರಿಟ್ ಹಚ್ಚಿ.
5. ಕುತ್ತಿಗೆಯ ಪಕ್ಕದ ಮಾಂಸಖಂಡಕ್ಕೆ ಕೊಡಿ. ಚುಚ್ಚಿದ ಮೇಲೆ ಸಿರಿಂಜ್‌ನ ದಂಡವನ್ನು ಸ್ವಲ್ಪ ಹಿಂದೆ ಎಳೆದು ನೋಡಿ. ರಕ್ತ ಬಂದರೆ ಸೂಜಿ ತೆಗೆದು ಬೇರೆ ಜಾಗಕ್ಕೆ ಹಾಕಿ. ಬಾರದಿದ್ದರೆ ನಿಧಾನವಾಗಿ ಒತ್ತಿ.
6. ಹೆಚ್ಚು ಪ್ರಮಾಣವನ್ನು ಹಂಚಿ. ಲಾಂಗ್ ಆ್ಯಕ್ಟಿಂಗ್ ಆಕ್ಸಿಟೆಟ್ರಾಸೈಕ್ಲಿನ್‌ನಂಥದ್ದನ್ನು ಒಂದೇ ಜಾಗಕ್ಕೆ 10 ಎಂಎಲ್‌ಗಿಂತ ಹೆಚ್ಚು ಹಾಕಬಾರದು. ಮರುದಿನ ಇನ್ನೊಂದು ಬದಿಗೆ ಕೊಡಿ.
7. ಬೆರೆಸಬೇಡಿ. ಎರಡು ಔಷಧವನ್ನು ಒಂದೇ ಸಿರಿಂಜ್‌ನಲ್ಲಿ ಹಾಕಬೇಡಿ. ಸೆಫ್ಟ್ರಿಯಾಕ್ಸೋನ್ ಅನ್ನು ಕ್ಯಾಲ್ಸಿಯಂ ಬಾಟಲಿಗೆ ಸೇರಿಸಿದರೆ ಸುಣ್ಣದ ಹಾಗೆ ಹರಳುಗಟ್ಟುತ್ತದೆ.
8. ಸಮಯ ತಪ್ಪಿಸಬೇಡಿ. 24 ಗಂಟೆಗೊಮ್ಮೆ ಎಂದರೆ ಇವತ್ತು ಬೆಳಿಗ್ಗೆ, ನಾಳೆ ರಾತ್ರಿ ಅಲ್ಲ. ಮೊಬೈಲ್‌ನಲ್ಲಿ ಅಲಾರಂ ಇಡಿ.

ಕೊಟ್ಟ ಮೇಲೆ ಅರ್ಧ ಗಂಟೆ ದನದ ಹತ್ತಿರವೇ ಇರಿ. ಕಣ್ಣಿನ ರೆಪ್ಪೆ, ತುಟಿ ಊದುವುದು, ಮೈಮೇಲೆ ದದ್ದು ಏಳುವುದು, ಏದುಸಿರು, ಜೊಲ್ಲು, ತೂರಾಡುವುದು ಕಂಡರೆ ಅದು ಅಲರ್ಜಿ. ತಡ ಮಾಡದೆ ಡಾಕ್ಟ್ರಿಗೆ ಫೋನ್ ಮಾಡಿ, ಆ ಔಷಧವನ್ನು ಮತ್ತೆ ಕೊಡಬೇಡಿ. ಮನೆಯಲ್ಲಿ ಪೆನ್ಸಿಲಿನ್ ಅಲರ್ಜಿ ಇರುವವರು ಆ ಇಂಜೆಕ್ಷನ್ ಮುಟ್ಟುವುದೇ ಬೇಡ.

ಬಳಸಿದ ಸೂಜಿಯನ್ನು ಹಟ್ಟಿಯ ಗೊಬ್ಬರಕ್ಕೆ ಎಸೆದರೆ ಅದು ಗದ್ದೆಗೆ ಹೋಗುತ್ತದೆ. ನಾಟಿಗೆ ಬರಿಗಾಲಲ್ಲಿ ಇಳಿಯುವವರು ನಮ್ಮ ಅಮ್ಮ, ಅಕ್ಕಂದಿರೇ. ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಪಶು ಆಸ್ಪತ್ರೆಗೆ ಕೊಡಿ.

5. ಕಷ್ಟದ ಭಾಗ: ಹಾಲನ್ನು ಡೈರಿಗೆ ಹಾಕದೆ ಇರುವುದು

ನಿಜ ಹೇಳಬೇಕೆಂದರೆ, ಮೇಲಿನದೆಲ್ಲ ಸುಲಭ. ಕಷ್ಟ ಇರುವುದು ಇಲ್ಲಿ.

ಮಾಂಸಕ್ಕೆ ಕೊಟ್ಟ ಔಷಧ ರಕ್ತದ ಮೂಲಕ ಕೆಚ್ಚಲಿನ ನಾಲ್ಕೂ ಭಾಗಕ್ಕೆ ಬರುತ್ತದೆ. ಹಾಗಾಗಿ "ಬಾವು ಬಂದ ತೊಟ್ಟಿನ ಹಾಲು ಬಿಟ್ಟು ಉಳಿದದ್ದು ಹಾಕುತ್ತೇನೆ" ಅನ್ನುವುದು ಸರಿಯಲ್ಲ. ಔಷಧದ ಲೇಬಲ್‌ನಲ್ಲಿ ಹಾಲು ಎಷ್ಟು ದಿನ ಬಳಸಬಾರದು ಎಂದು ಬರೆದಿರುತ್ತದೆ. 2012ರಲ್ಲಿ ಔಷಧ ನಿಯಮಗಳಿಗೆ ಸೇರಿಸಿದ ತಿದ್ದುಪಡಿಯ ಪ್ರಕಾರ, ಆ ಔಷಧಕ್ಕೆ ನಿಖರ ಅವಧಿ ನಿಗದಿಯಾಗಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ಎಣಿಕೆ ಶುರುವಾಗುವುದು ಕೊನೆಯ ಇಂಜೆಕ್ಷನ್‌ನಿಂದ.

ಲೆಕ್ಕ ಹಾಕಿ ನೋಡುವ. ಜುಲೈ 8, 9, 10ಕ್ಕೆ ಇಂಜೆಕ್ಷನ್. ಕೊನೆಯದು 10ರ ಸಂಜೆ. ಅವಧಿ 7 ದಿನ ಎಂದಾದರೆ 17ರ ಸಂಜೆಯ ಹಾಲೂ ಬೇಡ, 18ರ ಬೆಳಿಗ್ಗೆಯಿಂದ ಹಾಕಬಹುದು. ಒಟ್ಟು 10 ದಿನ. ದಿನಕ್ಕೆ 8 ಲೀಟರ್, ಲೀಟರಿಗೆ 36 ರೂಪಾಯಿ ಎಂದಿಟ್ಟುಕೊಂಡರೆ 80 ಲೀಟರ್, 2,880 ರೂಪಾಯಿ. ಎರಡು ದನ ಸಾಕುವ ಮನೆಗೆ ಇದು ಸಣ್ಣ ಮೊತ್ತ ಅಲ್ಲ. ಹಿಂಡಿಯ ಬಿಲ್, ಮಕ್ಕಳ ಫೀಸ್ ಎಲ್ಲ ಇದರಲ್ಲೇ ನಡೆಯುವುದು. ಡೈರಿಯಲ್ಲಿ ನೋಡುವ ಫ್ಯಾಟ್, ಲ್ಯಾಕ್ಟೋಮೀಟರ್‌ನಲ್ಲಿ ಔಷಧ ಗೊತ್ತಾಗುವುದೂ ಇಲ್ಲ. "ಯಾರಿಗೆ ಗೊತ್ತಾತ್ತ್?" ಅನ್ನುವ ಆಸೆ ಹುಟ್ಟುವುದು ಸಹಜ.

ಆದರೆ ನಿಮ್ಮ ಕ್ಯಾನಿನ ಹಾಲು ಊರಿನ ಎಲ್ಲರ ಹಾಲಿನ ಜೊತೆ ಸೇರುತ್ತದೆ. ಮುಂದೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಇಡೀ ಹಾಲು ತಿರಸ್ಕಾರ ಆಗಬಹುದು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಸ್ಯಾಂಪಲ್ ಪರೀಕ್ಷಿಸಿದಾಗ 77ರಲ್ಲಿ ಆ್ಯಂಟಿಬಯೋಟಿಕ್ ಮಿತಿ ಮೀರಿತ್ತು. ನೂರಕ್ಕೆ ಒಂದರ ಆಸುಪಾಸು. ಅಂದರೆ ಹೆಚ್ಚಿನ ರೈತರ ಹಾಲು ಶುದ್ಧವಾಗಿಯೇ ಇದೆ. ಆ ಹೆಸರು ಕೆಡಿಸುವವರು ನಾವಾಗಬಾರದು.

ಇನ್ನೊಂದು ಮಾತು. ದನಕ್ಕೆ ಕೊಡುವ ಸೆಫ್ಟ್ರಿಯಾಕ್ಸೋನ್ ಮತ್ತು ನಮ್ಮ ಮಗುವಿಗೆ ಟೈಫಾಯ್ಡ್ ಬಂದಾಗ ಕುಂದಾಪುರದ ಆಸ್ಪತ್ರೆಯಲ್ಲಿ ಕೊಡುವ ಸೆಫ್ಟ್ರಿಯಾಕ್ಸೋನ್ ಒಂದೇ ಔಷಧ. ಹಟ್ಟಿಯಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದರೆ ಮನೆಗೆ ಬರಲು ದೂರವಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತಿದ್ದಾರೆ ಎಂದು ಅಂದಾಜು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಂಡ ಕೊಲಿಸ್ಟಿನ್ ಎಂಬ ಔಷಧವನ್ನು ಹಾಲು, ಮೊಟ್ಟೆ, ಮಾಂಸಕ್ಕೆ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ ಅದೇ ವರ್ಷ ನಿಷೇಧಿಸಿದ್ದೂ ಇದಕ್ಕೇ.

ನಷ್ಟ ಕಡಿಮೆ ಮಾಡಲು ಒಂದು ದಾರಿ ಉಂಟು. ಡಾಕ್ಟ್ರು ಚೀಟಿ ಬರೆಯುವಾಗಲೇ ಕೇಳಿ: "ಸರ್, ಇದಕ್ಕೆ ಹಾಲು ಎಷ್ಟು ದಿನ ಬಿಡಬೇಕು? ಇಷ್ಟೇ ಪರಿಣಾಮ ಇರುವ, ಕಡಿಮೆ ದಿನದ್ದು ಉಂಟಾ?" ಕೆಲವು ಸಲ ಉಂಟು ಅನ್ನುತ್ತಾರೆ.

ತೆಗೆದಿಟ್ಟ ಹಾಲನ್ನು ಬಾವಿಯಿಂದ ದೂರ ಗುಂಡಿ ತೋಡಿ ಸುರಿಯಿರಿ. ಗೋಬರ್ ಗ್ಯಾಸ್ ಗುಂಡಿಗೆ ಬೇಡ. ಅಲ್ಲಿ ಗ್ಯಾಸ್ ಹುಟ್ಟಿಸುವುದೂ ಸೂಕ್ಷ್ಮಾಣುಗಳೇ.

6. ಮೊಬೈಲ್‌ನಲ್ಲಿ ಇಷ್ಟು ಇರಲಿ

ದನಕ್ಕೊಂದು ಫೋಟೋ ಆಲ್ಬಮ್ ಮಾಡಿ. ಇಂಜೆಕ್ಷನ್ ಕೊಟ್ಟ ದಿನ ಮೂರು ಫೋಟೋ ಸಾಕು: ಡಾಕ್ಟ್ರ ಚೀಟಿ, ಬಾಟಲಿಯ ಲೇಬಲ್, ಕಿವಿ ಟ್ಯಾಗ್. ನಂತರ ಎರಡು ಅಲಾರಂ: ಮುಂದಿನ ಡೋಸ್‌ಗೆ ಒಂದು, "ಇವತ್ತಿನಿಂದ ಹಾಲು ಡೈರಿಗೆ" ಎಂದು ಇನ್ನೊಂದು. ಹಾಲು ಕರೆಯುವವರು ಅಮ್ಮನೋ ಹೆಂಡತಿಯೋ ಆಗಿದ್ದರೆ ದನದ ಕಾಲಿಗೆ ಕೆಂಪು ಬಟ್ಟೆ ಕಟ್ಟಿ. ನೀವು ಮನೆಯಲ್ಲಿ ಇಲ್ಲದ ದಿನ ಆ ಬಟ್ಟೆಯೇ ಹೇಳುತ್ತದೆ.

7. ಇಂಜೆಕ್ಷನ್ ಬೇಕಾಗದ ಹಾಗೆ ನೋಡಿಕೊಳ್ಳುವುದು

- ಸೊಪ್ಪು, ತರಗೆಲೆ ಹಾಕುವ ಗೊಬ್ಬರದ ಹಟ್ಟಿ ಮಳೆಗಾಲದಲ್ಲಿ ಬೇಗ ಒದ್ದೆಯಾಗುತ್ತದೆ. ಮಲಗುವ ಜಾಗಕ್ಕೆ ದಿನಾ ಒಣ ಹಾಸು ಹಾಕಿ.
- ಹಾಲು ಕರೆದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ತೊಟ್ಟಿನ ಬಾಯಿ ಮುಚ್ಚಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಮಲಗದಂತೆ ಮುಂದೆ ಹುಲ್ಲು ಹಾಕಿ.
- ಹೆಬ್ಬೆರಳು ಮಡಚಿ ಹಿಂಡಬೇಡಿ, ಪೂರ್ತಿ ಮುಷ್ಟಿಯಲ್ಲಿ ಹಿಂಡಿ. ಬಾವು ಬಂದ ದನವನ್ನು ಕೊನೆಗೆ ಕರೆಯಿರಿ.
- ಗಳಲೆ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮೊದಲೇ ಆಗಲಿ.
- ಬಾವು ಆಗಷ್ಟೇ ಶುರುವಾಗಿದ್ದು, ಜ್ವರ ಇಲ್ಲದೆ ದನ ಮೇವು ತಿನ್ನುತ್ತಿದ್ದರೆ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳಿಕೊಡುವ ಲೇಪ ಮಾಡಬಹುದು: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು, ಸ್ವಲ್ಪ ಸ್ವಲ್ಪ ನೀರಲ್ಲಿ ಕಲಸಿ, ಹಾಲು ಹಿಂಡಿ ತೆಗೆದ ಕೆಚ್ಚಲಿಗೆ ದಿನಕ್ಕೆ ಹತ್ತು ಸಲದಂತೆ ಐದು ದಿನ ಹಚ್ಚುವುದು. ಜ್ವರ ಬಂದರೆ, ಮೇವು ಬಿಟ್ಟರೆ ಲೇಪ ನಂಬಿ ಕೂರಬೇಡಿ, ಡಾಕ್ಟ್ರನ್ನು ಕರೆಯಿರಿ.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

*ಹಾಲು ಕುದಿಸಿದರೆ ಔಷಧ ಹೋಗುವುದಿಲ್ವಾ?*
ಇಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಔಷಧದ ಹೆಚ್ಚಿನ ಭಾಗ ಹಾಗೇ ಉಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರುವುದೂ ಉಂಟು. ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ.

*ಎರಡನೇ ದಿನಕ್ಕೇ ದನ ಚುರುಕಾಯಿತು. ಮೂರನೇದು ಬೇಕಾ?*
ಡಾಕ್ಟ್ರು ಬೇಡ ಎನ್ನುವವರೆಗೆ ಬೇಕು. ಮೂರು ದಿನ ಆದರೂ ಇಳಿಯದಿದ್ದರೆ ನೀವೇ ಮುಂದುವರಿಸಬೇಡಿ, ಔಷಧ ಬದಲಿಸಲೂಬೇಡಿ. ಮತ್ತೆ ತೋರಿಸಿ.

*ಆ ಹಾಲನ್ನು ಕರುವಿಗೆ ಕುಡಿಸಬಹುದಾ?*
ಬೇಡ. ಕರುವಿನ ಹೊಟ್ಟೆಯಲ್ಲೇ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ.

*ಉಳಿದ ಔಷಧ ಇಟ್ಟುಕೊಳ್ಳಬಹುದಾ?*
ಹಟ್ಟಿಯ ಕಿಟಕಿಯಲ್ಲಂತೂ ಬೇಡ. ಬಿಸಿಲು, ಸೆಕೆಯಲ್ಲಿ ಔಷಧ ಕೆಡುತ್ತದೆ, ಮಕ್ಕಳ ಕೈಗೂ ಸಿಗುತ್ತದೆ. ಒಮ್ಮೆ ಸೂಜಿ ಹಾಕಿದ ಬಾಟಲಿಯನ್ನು ಲೇಬಲ್ ಹೇಳಿದ ಅವಧಿ ಮುಗಿದ ಮೇಲೆ ಬಳಸುವ ಹಾಗಿಲ್ಲ.

ಈಗ ಮತ್ತೆ ಆ ಬಿಜೂರಿನ ಹಟ್ಟಿಗೆ ಬನ್ನಿ. ಐದೂವರೆಗೆ ಬಾವು ಕಂಡಿತು. ಒಳ್ಳೆಯ ತೊಟ್ಟಿನ ಹಾಲು ಬೇರೆ, ಕೆಟ್ಟದ್ದು ಬೇರೆ ಆಯಿತು. ಜ್ವರ ನೋಡಿ, ಫೋಟೋ ಕಳಿಸಿ, ಡಾಕ್ಟ್ರಿಗೆ ಫೋನ್ ಹೋಯಿತು. ಟೇಪ್ ಹಿಡಿದು ತೂಕ ಬರೆದಿಟ್ಟಾಯಿತು. ಕಿಟಕಿಯ ಬಾಟಲಿ ಹಾಗೇ ಇದೆ. ಈ ಒಂದು ಗಂಟೆಯಲ್ಲಿ ನೀವು ಒಂದೂ ಇಂಜೆಕ್ಷನ್ ಕೊಟ್ಟಿಲ್ಲ, ಆದರೆ ಚಿಕಿತ್ಸೆ ಅರ್ಧ ಮುಗಿದಿದೆ.

ಇವತ್ತೇ ಒಂದು ಕೆಲಸ ಮಾಡಿ: ನಿಮ್ಮ ಹಟ್ಟಿಯ ಪ್ರತಿ ದನದ ಸುತ್ತಳತೆ, ಉದ್ದ ಅಳೆದು, ತೂಕ ಲೆಕ್ಕ ಹಾಕಿ ಮೊಬೈಲ್‌ನಲ್ಲಿ ಬರೆದಿಡಿ. ಕಾಯಿಲೆ ಬಂದ ದಿನ ಅಳೆಯಲು ಪುರುಸೊತ್ತು ಇರುವುದಿಲ್ಲ.